ದಿನಾ ಏನೂ ಇಲ್ಲ

ಕೆಳದವಡೆಯ ಒಳಗೆ ಒಂದು ನರ ಹಾದುಹೋಗುತ್ತದೆ. ಅಲ್ಲಿ ಇಂಪ್ಲಾಂಟ್, ಅಂದರೆ ಕಟ್ಟುಹಲ್ಲಿಗೆ ಬೇರಾಗುವ ತಿರುಪು, ಕೂರಿಸುವ ಹಲ್ಲಿನ ಡಾಕ್ಟರುಗಳಿಗೆ ಅದೇ ಯಮ. ತಿರುಪು ಅದಕ್ಕೆ ತಗುಲಿತೋ, ತುಟಿ ಜೀವಮಾನವಿಡೀ ಜೋಮು ಹಿಡಿದೀತು. ಮಾಗಡಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಮೇಘನಾ ಹೆದರಿದ್ದೂ ಅದೊಂದಕ್ಕೇ. ಹತ್ತಿರದ ಕಲ್ಯ ಊರಿನ ಸರ್ವಮಂಗಳಮ್ಮನವರ ದವಡೆಯ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ಹಿಂದೆ ಮುಂದೆ ತಿರುಗಿಸಿ, ಅಳೆದು, ನಂಬಿಕೆ ಸಾಲದೆ ಮತ್ತೆ ಅಳೆದು, ಎರಡು ಇಂಪ್ಲಾಂಟ್ ಕೂರಿಸಿದ್ದಳು. ನರ ಕ್ಷೇಮವಾಗಿತ್ತು. ಆದರೆ ಮುಂಬಾಗಿಲಿಗೆ ಬೀಗ ಜಡಿದು ಕೂತವರ ಮನೆಗೆ ಕಳ್ಳ ಹಿತ್ತಿಲಿಂದ ಬರುತ್ತಾನೆ.

ಹೊಲಿಗೆ ಬಿಚ್ಚಿದ ಮೇಲೂ ಹಿಂದಿನ ಇಂಪ್ಲಾಂಟಿನ ಪಕ್ಕದ ವಸಡು ಕೂಡಿಕೊಂಡಿರಲಿಲ್ಲ. ವಾರಗಳು ಕಳೆದು ಇವತ್ತು ಸರ್ವಮಂಗಳಮ್ಮ ಗಂಡ ಚನ್ನಲಿಂಗಪ್ಪನವರ ಜೊತೆ ಮತ್ತೆ ಬಂದಿದ್ದರು. ಬಾಯೊಳಗೆ ಬೆಳಕು ಬಿಟ್ಟರೆ, ವಸಡಿನ ಸಂದಿನಲ್ಲಿ ಬೆಳ್ಳಗೆ ಏನೋ ಕಂಡಿತು. ಅನ್ನದ ಅಗುಳಿರಬೇಕೆಂದು ಮೇಘನಾ ನೀರು ಹಾಯಿಸಿದಳು. ಅಲುಗಲಿಲ್ಲ. ಉಕ್ಕಿನ ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದಳು. ಟಕ್ ಎಂದಿತು.

ಮೂಳೆ.

ಮೇಘನಾ ಕಡ್ಡಿಯನ್ನು ತಟ್ಟೆಯಲ್ಲಿಟ್ಟಳು.

"ಅಮ್ಮ, ದಿನಾ ಏನಾದ್ರೂ ಮಾತ್ರೆ ತಗೋತೀರಾ ಅಂತ ಮೊದಲೇ ಕೇಳಿದ್ದೆ. ಇನ್ನೊಂದ್ಸಲ ಕೇಳ್ತೀನಿ."

"ದಿನಾ ಏನೂ ಇಲ್ಲ ಕಣವ್ವ. ಬಿಪಿ ಇಲ್ಲ, ಶುಗರ್ ಇಲ್ಲ."

ಬೆಂಚಿನ ಮೇಲಿದ್ದ ಚನ್ನಲಿಂಗಪ್ಪ ನಕ್ಕರು. "ಇವಳ ಹತ್ರ ಕಾಯ್ಲೆ ಬರಾಕೂ ಹೆದರ್ತದೆ. ಆ ಸೋಮವಾರದ ಮಾತ್ರೆ ಒಂದು ಬುಟ್ರೆ ಇನ್ನೇನೂ ಮುಟ್ಟಾಕಿಲ್ಲ."

"ಸೋಮವಾರದ ಮಾತ್ರೆನಾ?"

"ಸುಮ್ಕಿರಿ, ಅದು ವ್ರತದ್ದು," ಎಂದು ಸರ್ವಮಂಗಳಮ್ಮ ಗಂಡನನ್ನು ಗದರಿದರು. "ಸೊಂಟದ ಮೂಳೆ ಸವೆದೈತೆ ಅಂತ ರಾಮನಗರದ ಡಾಕ್ಟ್ರು ಬರ್ಕೊಟ್ಟಿದ್ರು ಕಣವ್ವ. ವಾರಕ್ಕೊಂದು, ಬರೀ ಹೊಟ್ಟೇಲಿ. ನುಂಗಿದ್ಮೇಲೆ ಒಸಿ ಹೊತ್ತು ಒರಗಂಗಿಲ್ಲ, ನೆಟ್ಟಗೆ ಕೂತಿರ್ಬೇಕು ಅಂದ್ರು. ಸೋಮವಾರ ಹೆಂಗೂ ಉಪವಾಸ, ನುಂಗ್ಬುಟ್ಟು ಲಿಂಗಪೂಜೆಗೆ ಕೂತ್ಕೊಬುಡ್ತೀನಿ. ವರ್ಷಾನುಗಟ್ಲೆ ಆಯ್ತು, ಒಂದು ಸೋಮವಾರ ತಪ್ಪಿಸಿಲ್ಲ."

ಮಾತ್ರೆ ಯಾವುದೆಂದು ಮೇಘನಾಳಿಗೆ ಗೊತ್ತಾಯಿತು. ಸೊಂಟ ಮುರಿಯದಂತೆ ಕಾಯುವ ಆ ಮಾತ್ರೆ, ಅಪರೂಪಕ್ಕೆ ಕೆಲವರಲ್ಲಿ, ಕೊರೆದ ದವಡೆ ಮಾಯದಂತೆ ಮಾಡಿಬಿಡುತ್ತದೆ. ವಸಡು ಹಿಂದೆ ಸರಿಯುತ್ತದೆ, ಮೂಳೆ ಸಾಯುತ್ತ ಹೋಗುತ್ತದೆ, ಕೊನೆಗೆ ದವಡೆಯನ್ನೇ ಕತ್ತರಿಸಿ ತೆಗೆಯಬೇಕಾಗಿ ಬಂದರೂ ಬಂತು. ಓದುವಾಗ ನೋಡಿದ್ದ ಅಂಥ ಮುಖಗಳ ಫೋಟೋಗಳೆಲ್ಲ ಈಗ ಸರ್ವಮಂಗಳಮ್ಮನ ಮುಖದ ಮೇಲೇ ಬಂದು ಕೂತವು. ವಾರಕ್ಕೊಂದು ದಿನದ ವ್ರತ ತಿಳಿಯದಿರಲು ತಾನೇನು ಪರದೇಶದವಳೇ? ಕನಕಪುರದ ತನ್ನ ತವರಿನಲ್ಲೂ ಸೋಮವಾರ ಒಲೆ ಹೊತ್ತುತ್ತಿದ್ದುದು ಸಂಜೆಗೇ. "ದಿನಾ" ಎಂಬ ಆ ಹಾಳು ಮಾತನ್ನು ಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಯಾಕವ್ವ, ಮುಖ ಹಂಗಾಯ್ತು?"

ಸುಳ್ಳು ಹೇಳಿ ಕಳಿಸಿಬಿಡೋಣ ಅನ್ನಿಸದೇ ಇರಲಿಲ್ಲ. ಭಯ ಅಷ್ಟಿತ್ತು. ಆದರೂ ಹೇಳಿದಳು. "ಗಾಯ ಮಾಯ್ತಿಲ್ಲಮ್ಮ, ಒಳಗಿನ ಮೂಳೆ ಕಾಣ್ತಿದೆ. ಆ ಮಾತ್ರೆಯಿಂದಲೇ ಇರಬೇಕು. ತಪ್ಪು ನಂದು, ನಾನು ಸರಿಯಾಗಿ ಕೇಳ್ಲಿಲ್ಲ. ರಾಮನಗರದ ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡ್ತೀನಿ. ಅವರು ಹೇಳೋವರೆಗೂ ಅದನ್ನ ಮುಟ್ಟಬೇಡಿ."

ಚನ್ನಲಿಂಗಪ್ಪನವರ ನಗು ಅಲ್ಲೇ ನಿಂತಿತು. ಸರ್ವಮಂಗಳಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ದನಿ ಸಣ್ಣದಾಯಿತು.

"ಅಯ್ಯೋ ಶಿವನೇ... ಮೂಳೆ ಗಟ್ಟಿಯಾಗಿ ತಿರುಪನ್ನ ಕಚ್ಕೋಬೇಕು ಅಂದಿದ್ಯಲ್ಲವ್ವ ನೀನು. ನಿನ್ನ ಕೆಲಸ ಕೆಡದೆ ಇರ್ಲಿ ಅಂತ, ಅವತ್ತಿಂದ ಗುರುವಾರಾನೂ ಒಂದು ನುಂಗ್ತಾ ಇವ್ನಿ."