ಕೂದಲೆಳೆಯಷ್ಟೂ ಅಲುಗದ ಅಕ್ಕ

ಗಡಿಯಾರ ರಿಪೇರಿ ಮಾಡುವ ತಂಗಿಯ ಕೈ ಎಂಥದ್ದೆಂದರೆ, ಹಾರುವ ಸೊಳ್ಳೆಯನ್ನು ನಿಲ್ಲಿಸಿ ಹುಬ್ಬು ತೀಡಿ ಕಳಿಸಬಲ್ಲದು. ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತರೆ ಬೀದಿಯ ಬಸ್ಸುಗಳೂ ತುದಿಗಾಲಲ್ಲಿ ಹೋಗುತ್ತಿದ್ದವು. ಅಲುಗದೆ ಇರುವ ವಿದ್ಯೆಗೆ ಮೂರು ಲೋಕದಲ್ಲೂ ತಾನೊಬ್ಬಳೇ ವಾರಸುದಾರಳು ಅಂತ ಅವಳು ನಂಬಿದ್ದಳು. ಆ ನಂಬಿಕೆಗೆ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಕಲ್ಲು ಬಿತ್ತು. ಎಸೆದವಳು ಆಸ್ಪತ್ರೆಯ ಸ್ಕ್ಯಾನಿಂಗ್ ಮೇಡಂ.

"ನಿಮ್ಮಕ್ಕನ ಮಿದುಳಿನ ಚಿತ್ರ ನೋಡಿ! ನಲವತ್ತು ನಿಮಿಷ ಎಂಆರ್‌ಐ ಕೊಳವೆಯೊಳಗೆ ಮಲಗಿದ್ರು, ತಲೆ ಕೂದಲೆಳೆಯಷ್ಟೂ ಅಲುಗಿಲ್ಲ. ಇನ್ನೂರು ಜನರಲ್ಲಿ ಇವರೇ ಫಸ್ಟು."

"ನಮ್ಮಕ್ಕಾನಾ?"

ಅಕ್ಕನಿಗೆ ಇಪ್ಪತ್ತು ವರ್ಷದಿಂದ ಬೈಪೋಲಾರ್ ಕಾಯಿಲೆ. ಮನಸ್ಸು ಏರಿದಾಗ ನಾಲ್ಕು ದಿನ ನಿದ್ದೆಗೆಟ್ಟು ಮನೆಗೆಲ್ಲ ಬಣ್ಣ ಬಳಿದು, ಮಿಕ್ಕಿದ್ದನ್ನು ಪಕ್ಕದ ಮನೆಗೂ ಬಳಿದು ಬರುವವಳು. ಇಳಿದಾಗ ಹಾಸಿಗೆ. ಅಮ್ಮನ ಮಾತೆಲ್ಲ, ನೆಂಟರ ಫೋನೆಲ್ಲ ಅಕ್ಕನ ಪಾಲು. ತಂಗಿಗೆ ನೂರಾಮೂರು ಜ್ವರ ಬಂದಾಗಲೂ ಅಮ್ಮ ಹಣೆ ಮುಟ್ಟಿ, "ನೀನು ಗಟ್ಟಿಗಿತ್ತಿ ಬಿಡು. ಅಕ್ಕ ಮಾತ್ರೆ ತಗೊಂಡ್ಲಾ ನೋಡು" ಅಂದಿದ್ದಳು. ತಂಗಿಗೆ ಅಂತ ಉಳಿದದ್ದು ಅಲುಗದ ಕೈಯೊಂದು. ಈಗ ಅದರಲ್ಲೂ ಅಕ್ಕ ಫಸ್ಟು! ತಂಗಿಯ ಹೊಟ್ಟೆಯಲ್ಲಿ ಎದ್ದ ಉರಿಗೆ ಇಡೀ ಊರಿನ ಸ್ನಾನದ ನೀರು ಕಾಯುತ್ತಿತ್ತು.

ಕಾಯಿಲೆ ಇರುವವರ ಮಿದುಳನ್ನೂ, ಕಾಯಿಲೆ ಇಲ್ಲದ ಅವರ ಒಡಹುಟ್ಟಿದವರ ಮಿದುಳನ್ನೂ ಜೋಡಿ ಮಾಡಿ ಹೋಲಿಸುವ ಸಂಶೋಧನೆ ಅದು. ಹಾಗಾಗಿ ಮುಂದಿನ ಸರದಿ ತಂಗಿಯದೇ.

"ನನ್ನ ಕಸುಬೇ ಅಲುಗದೆ ಇರೋದು ಮೇಡಂ. ಅಲುಗಿದ್ರೆ ನಿಮ್ಮ ಮಿಷಿನ್ನು ಅಲುಗೀತು, ನಾನಲ್ಲ."

ವಾಚು, ಓಲೆ, ಕ್ಲಿಪ್ಪು ಎಲ್ಲ ಬಿಚ್ಚಿ ಅಕ್ಕನ ಕೈಗಿತ್ತು ಒಳಗೆ ಮಲಗಿದಳು. ಸಾವಿರ ಬಡಗಿಗಳು ಜಗಳವಾಡುತ್ತ ಮೊಳೆ ಹೊಡೆದಂತೆ ಯಂತ್ರ ಬಡಿದುಕೊಳ್ಳತೊಡಗಿತು. ಗಡಿಯಾರದ ಸಣ್ಣ ಸ್ಪ್ರಿಂಗ್ ಕೂರಿಸುವಾಗ ಉಸಿರು ಹಿಡಿಯುವುದು ಅವಳ ಅಭ್ಯಾಸ. ಇಲ್ಲೂ ಹಿಡಿದಳು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದಾಗ ಹಾ ಎಂದು ಬಿಟ್ಟಳು, ತಲೆ ಎಗರಿತು. ಮತ್ತೆ ಹಿಡಿದಳು, ಮತ್ತೆ ಎಗರಿತು. ನಲವತ್ತು ನಿಮಿಷವೂ ಇದೇ ಪಾಡು.

ತೆರೆಯ ಮೇಲೆ ಮೂಡಿದ್ದು ಮಿದುಳಲ್ಲ, ಬಸ್ಸಿನ ಚಕ್ರಕ್ಕೆ ಸಿಕ್ಕ ಹೂಕೋಸು.

"ಎರಡು ಗಂಟೆಗೆ ಇನ್ನೊಂದ್ಸಲ ನೋಡೋಣ," ಅಂದಳು ಮೇಡಂ. "ಅದೂ ಕೆಟ್ರೆ ನಿಮ್ಮ ಜೋಡೀನೇ ಬಿಡಬೇಕಾಗುತ್ತೆ. ಅಕ್ಕನ ಚಿತ್ರಾನೂ ಲೆಕ್ಕಕ್ಕೆ ಬರಲ್ಲ."

ತಂಗಿಯೊಳಗೆ ಒಂದು ಕಳ್ಳ ಸಂತೋಷ ಬಾಲ ಅಲ್ಲಾಡಿಸಿತು. ಎರಡೇ ಎರಡು ಸಲ ಕೆಮ್ಮಿದರೆ ಸಾಕು, ಫಸ್ಟ್ ಬಂದವಳು ಪಟ್ಟಿಯಿಂದಲೇ ಹೊರಗೆ!

ಹೊರಗಿನ ಬೆಂಚಿನಲ್ಲಿ ಅಕ್ಕ ತಂಗಿಯ ವಾಚು ಹಿಡಿದು ಕೂತಿದ್ದಳು.

"ಅದ್ಹೇಗೆ ಮಲಗಿದ್ಯೇ, ಕಲ್ಲಿನ ಹಾಗೆ? ಗುಟ್ಟು ಬಿಡು."

"ಗುಟ್ಟೇನು ಬಂತು? ಹೋದ ವರ್ಷ ಮೂರು ತಿಂಗಳು ಮಲಗಿರಲಿಲ್ವಾ? ಮಗ್ಗುಲು ಬದಲಿಸೋಕೂ ಬೇಕು ಅನಿಸ್ತಿರಲಿಲ್ಲ. ಅಷ್ಟು ಪ್ರಾಕ್ಟೀಸು ಯಾರಿಗಿದೆ ಹೇಳು!" ಅಕ್ಕ ನಕ್ಕಳು. "ಮೊದಲ್ನೇ ಸಲ ಆ ಹಾಳು ತಿಂಗಳುಗಳು ಯಾತಕ್ಕೋ ಉಪಯೋಗಕ್ಕೆ ಬಂದ್ವು ಕಣೇ. ಮೇಡಂ ಏನಂದ್ರು? ಇನ್ನೊಂದ್ಸಲ ಹೇಳು."

"ಫಸ್ಟು ಅಂದ್ರು." ತುಕ್ಕು ಹಿಡಿದ ಸ್ಕ್ರೂ ಕಿತ್ತ ಹಾಗೆ ಹೊರಬಂತು ಮಾತು.

"ಉಸಿರು ಹಿಡೀಬೇಡ. ಅದರ ಪಾಡಿಗೆ ಬಿಡು."

"ಕಸುಬು ನಂಗೇ ಹೇಳಿಕೊಡ್ತೀಯಾ?"

"ಇದು ನನ್ನ ಕಸುಬು," ಅಂದಳು ಅಕ್ಕ.

ಎರಡು ಗಂಟೆ. ಕೊಳವೆಯ ಬಿಳಿ ಗೋಡೆ ಮೂಗಿನ ಮೇಲೆ. ಕೆಮ್ಮು ಗಂಟಲಲ್ಲಿ ಸಿದ್ಧವಾಗಿ ಕೂತಿತ್ತು. ಹತ್ತನೇ ನಿಮಿಷಕ್ಕೆ ಮೂಗಿನ ತುದಿ ತುರಿಸತೊಡಗಿತು. ಏಳು ಸಾವಿರ ಇರುವೆಗಳು ಅಲ್ಲೇ ಸಂಸಾರ ಹೂಡಿದವು. ಆ ಮೂರು ತಿಂಗಳು ದಿನಾ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು, 'ಪುಣ್ಯವಂತೆ, ಮಲಗಿದ್ದಾಳೆ' ಎಂದು ಹೊಟ್ಟೆ ಉರಿದುಕೊಂಡೇ ಅಂಗಡಿಗೆ ಓಡಿದ್ದು ತಂಗಿಗೆ ನೆನಪಾಯಿತು. ಮೂಗಿಗೆ ತುರಿಕೆ ಬಂದರೂ ಕೈ ಎತ್ತಬೇಕು ಅನಿಸದೆ ಮೂರು ತಿಂಗಳು! ಇದಕ್ಕಾ ತಾನು ಉರಿದದ್ದು?

ಅವಳು ಕೆಮ್ಮನ್ನು ನುಂಗಿದಳು. ಉಸಿರನ್ನು ಅದರ ಪಾಡಿಗೆ ಬಿಟ್ಟಳು.

ತೆರೆಯ ಮೇಲೆ ಎರಡು ಮಿದುಳು ಅಕ್ಕಪಕ್ಕ ಮೂಡಿದವು. ಅಕ್ಕ ಚಪ್ಪಾಳೆ ತಟ್ಟಿದಳು.

"ಇದರಲ್ಲಿ ಕಾಯಿಲೆದು ಯಾವುದು?" ತಂಗಿ ಕೇಳಿದಳು.

"ಹೀಗೆ ಒಂದೊಂದೇ ನೋಡಿ ಹೇಳೋಕಾಗಲ್ಲ," ಅಂದಳು ಮೇಡಂ. " ನೂರಾರು ಜೋಡಿ ಸೇರಿಸಿ ನೋಡಿದ್ರೆ ಏನಾದ್ರೂ ತಿಳಿದೀತು."

"ಅದಿರಲಿ. ನನ್ನ ನಂಬರ್ ಎಷ್ಟು?"

"ಸೆಕೆಂಡು. ಮಿಲಿಮೀಟರಿನ ಹತ್ತನೇ ಒಂದು ಪಾಲಲ್ಲಿ ಹೋಯ್ತು."

ತಂಗಿಯ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಕಡ್ಡಿ ಹೊತ್ತಿತು. "ಮೂಗೊಂದು ಇಲ್ಲದಿದ್ರೆ ತೋರಿಸ್ತಿದ್ದೆ."

"ಮುಂದಿನ ವರ್ಷ ಮತ್ತೆ ಕರೀತಾರಂತೆ," ಅಕ್ಕ ಅವಳ ಕೈಗೆ ವಾಚು ಕಟ್ಟುತ್ತ ಹೇಳಿದಳು.

"ಬರ್ತೀನಿ, ಸೋಲಿಸ್ತೀನಿ. ಆದ್ರೆ ಒಂದು ಮಾತು," ತಂಗಿ ಕೈ ಬಿಡಿಸಿಕೊಳ್ಳಲಿಲ್ಲ. "ಅಲ್ಲೀತನಕ ನೀನು ಪ್ರಾಕ್ಟೀಸ್ ಮಾಡಕೂಡದು."