ಅಣ್ಣ ಕೇಳಬಾರದ ದನಿ

ಲೆಸಿಯೇಲಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಗುಟ್ಟು ಹೇಳುತ್ತೇನೆಂದು ಕಿವಿಯ ಹತ್ತಿರ ಬಾಯಿ ತಂದರೂ ಆ ಗುಟ್ಟು ಪಕ್ಕದ ಮನೆಯ ಒಲೆಯವರೆಗೆ ತಲುಪುತ್ತಿತ್ತು. ನಮ್ಮ ದ್ವೀಪದ ಪುಟ್ಟ ಆಸ್ಪತ್ರೆಯ ಜಗಲಿಯಲ್ಲಿ, ನರ್ಸಿನ ಬಿಳಿ ಉಡುಪಿನ ಮೇಲೆ ಹೆಣೆದ ಸೊಂಟಪಟ್ಟಿ ಬಿಗಿದುಕೊಂಡು, ಬಲಗಾಲನ್ನು ತುಸು ಜೋರಾಗಿ ಊರುತ್ತ ಅವಳು ನಡೆದು ಬಂದಳೆಂದರೆ ಬೆಂಚಿನ ಮೇಲೆ ಕೂತ ದಡೂತಿ ಗಂಡಸರೂ ಬೆಳಿಗ್ಗೆ ತಿಂದದ್ದನ್ನು ನೆನೆದು ಮೈ ಮುದುಡಿಕೊಳ್ಳುತ್ತಿದ್ದರು. ಮಗುವಿನ ಗಂಟಲುನೋವನ್ನು ಹಗುರಾಗಿ ನೋಡಬೇಡಿ, ಮುಂದೆ ಹೃದಯಕ್ಕೇ ಬರುತ್ತದೆ. ಮಳೆನೀರಿನ ತೊಟ್ಟಿಗೆ ಮುಚ್ಚಳ ಹಾಕಿ, ಸೊಳ್ಳೆ ಸಾಕಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹಬ್ಬದ ದಿನವೂ ನುಂಗಿ. ಅವಳ ಉಪದೇಶವೆಲ್ಲ ಬೈಗುಳದ ಧಾಟಿಯಲ್ಲೇ ಇರುತ್ತಿತ್ತು.

"ಕಾಲು ಕೊಳೀತಾ ಇರುವಾಗ ಬರೀ ಪ್ರಾರ್ಥನೆ ಮಾಡ್ತಾ ಕೂತ್ಕೋ," ಎಂದು ಚರ್ಚಿನ ಹಿರಿಯನೊಬ್ಬನಿಗೆ ಹೇಳಿದ್ದಳು. "ದೇವರು ನಿನ್ನನ್ನ ಬೇಗನೆ ಮುಖಾಮುಖಿ ಮಾತಾಡಿಸ್ತಾನೆ, ತಾತಾ!"

ತಾನು ಮಾತ್ರ ಭಾನುವಾರ ಚರ್ಚು ಮುಗಿಸಿ ಬಂದು, ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿದ ಕೊಬ್ಬಿನ ಕುರಿಮಾಂಸವನ್ನು ಎಲೆ ಸಮೇತ ಮುಗಿಸುತ್ತಿದ್ದಳು. ನಾನು ಹುಬ್ಬೇರಿಸಿದರೆ, "ಸಲಹೆ ಕೊಡೋಳಿಗೂ ಭಾನುವಾರ ಅಂತ ಒಂದಿದೆ ಕಣಯ್ಯಾ ಮೇಷ್ಟ್ರೇ, ಸುಮ್ನೆ ಆ ಗೆಣಸು ಇತ್ಲಾಗೆ ತಳ್ಳು," ಎನ್ನುವಳು.

ನಾನು ಶಾಲೆಯ ಮೇಷ್ಟ್ರು. ಮುಂಜಾನೆ ದ್ವೀಪದ ರೇಡಿಯೋದಲ್ಲಿ ದೋಣಿಗಳ ಸಮಯವನ್ನೂ ಗಾಳಿಯ ದಿಕ್ಕನ್ನೂ ಓದುವುದು ನನ್ನ ಇನ್ನೊಂದು ಕೆಲಸ. ನನ್ನ ಸರದಿ ಮುಗಿದ ಮೇಲೆ ಅವಳ ಆರೋಗ್ಯದ ಮಾತು. ಇಡೀ ದ್ವೀಪ ಅದನ್ನು ನಗುತ್ತ ಕೇಳುತ್ತಿತ್ತು. ಒಬ್ಬನಿಗೆ ಮಾತ್ರ ಅವಳು ಏನನ್ನೂ ಹೇಳುವಂತಿರಲಿಲ್ಲ. ಅವನು ಅವಳ ಅಣ್ಣ ಪೆನಿಸಿಮಾನಿ.

ನಮ್ಮ ಟೊಂಗಾದಲ್ಲಿ ದೊಡ್ಡವರಾದ ಅಣ್ಣತಂಗಿ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಒಬ್ಬರ ಕಿವಿಗೆ ಬೀಳುವಂತೆ ಇನ್ನೊಬ್ಬರು ಮೈಯ ಮಾತು ಎತ್ತುವುದಿಲ್ಲ. ಮುನಿಸಿನಿಂದ ಹಾಗೆ ಮಾಡುತ್ತಾರೆಂದು ಯಾರೂ ತಿಳಿಯಬಾರದು. ವರ್ಷದ ಮೊದಲ ಗೆಣಸನ್ನು ಪೆನಿಸಿಮಾನಿ ತಂಗಿಯ ಮನೆಗೆ ಕಳಿಸದೆ ತಾನು ಮುಟ್ಟಿದವನಲ್ಲ.

ಒಂದು ದಿನ ಅವನ ಮದುವೆಯಾದ ಮಗಳು ಲುಪೆ ಆಸ್ಪತ್ರೆಗೆ ಓಡಿಬಂದಳು. "ಅತ್ತೇ, ಅಪ್ಪನ ಅಂಗಾಲಲ್ಲಿ ಹುಣ್ಣಾಗಿದೆ. ಸೊಪ್ಪು ಕಟ್ಕೊಂಡು ಓಡಾಡ್ತಾ ಇದಾನೆ. ನೋವೇ ಇಲ್ಲ, ಬಿಡು ಅಂತಾನೆ. ವಾಸನೆ ಬರ್ತಾ ಇದೆ."

ಅವನಿಗೂ ಸಕ್ಕರೆ ಕಾಯಿಲೆ. ಪ್ರತಿ ಗುರುವಾರ ಆಸ್ಪತ್ರೆಯಲ್ಲಿ ನಡೆಯುವ ಕಾಲಿನ ಚಿಕಿತ್ಸೆಯಲ್ಲಿ ಗಾಯ ತೊಳೆದು ಕಟ್ಟುವವಳು ಲೆಸಿಯೇಲಿ ಒಬ್ಬಳೇ. ತಂಗಿಯ ಮುಂದೆ ಕಾಲು ಚಾಚುವುದಕ್ಕಿಂತ ಕಾಲನ್ನೇ ಕಳೆದುಕೊಳ್ಳುವ ಜಾತಿಯವನು ಅವನು. ಅದು ಅವಳಿಗೆ ಗೊತ್ತಿತ್ತು. ಹಾಗಾಗಿ ರೇಡಿಯೋದಲ್ಲಿ ಕಾಲಿನ ಮಾತೊಂದನ್ನೇ ಹಿಡಿದಳು. ದಿನವೂ ಅದೇ. ಜನ ತಮ್ಮ ತಮ್ಮ ಪಾದ ತಿರುಗಿಸಿ ನೋಡಿಕೊಂಡರು, ಗುರುವಾರದ ಬೆಂಚು ತುಂಬಿ ಜಗಲಿ ದಾಟಿ ಸಾಲು ನಿಂತಿತು. ಅವನು ಬರಲಿಲ್ಲ.

ಲುಪೆಯನ್ನು ಕರೆದು ಕೇಳಿದಳು: "ನಿಮ್ಮಪ್ಪ ರೇಡಿಯೋ ಕೇಳಲ್ವೇನೇ?"

"ದೋಣಿ ಸಮಯ ಕೇಳ್ತಾನೆ ಅತ್ತೆ. ನಿನ್ನ ದನಿ ಬಂದ ತಕ್ಷಣ ಆಫ್ ಮಾಡ್ತಾನೆ. ತಂಗಿ ಕಾಲು ಗೀಲು ಅಂತ ಮಾತಾಡೋದನ್ನ ಹ್ಯಾಗೆ ಕೇಳಿಸ್ಕೊಳ್ಲಿ ಅಂತಾನೆ."

ಯಾರಿಗಾಗಿ ಲೆಸಿಯೇಲಿ ಅಷ್ಟು ಕೂಗಿದಳೋ ಅವನ ಬಾಗಿಲನ್ನು ಆ ಕೂಗೇ ಮುಚ್ಚುತ್ತಿತ್ತು. ಅದೇ ಸಂಜೆ ನನ್ನ ಮನೆಗೆ ಬಂದು, "ಬರ್ಕೋ ಮೇಷ್ಟ್ರೇ," ಎಂದು ನೆಲದ ಮೇಲೆ ಕೂತಳು.

ಮರುದಿನ ದೋಣಿಯ ಸಮಯಕ್ಕೂ ಗಾಳಿಯ ದಿಕ್ಕಿಗೂ ನಡುವೆ, ನನ್ನ ಬಡಕಲು ದನಿಯಲ್ಲಿ ನಾನು ಓದಿದೆ: "ನಿಮ್ಮ ಹಂದಿ ಕುಂಟಿದರೆ ಬಗ್ಗಿ ಗೊರಸು ನೋಡ್ತೀರಿ. ನಿಮ್ಮ ಸ್ವಂತ ಅಂಗಾಲು ನೋಡ್ಕೊಳ್ಳೋಕೆ ಏನು ದಾಡಿ? ನೋವಿಲ್ಲ ಅಂತ ಮೆರೀಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದ ಹುಣ್ಣೇ ಕಾಲು ತಿನ್ನೋದು. ಈ ಗುರುವಾರ ಡಾಕ್ಟರೇ ಕಾಲು ನೋಡ್ತಾರೆ. ನರ್ಸ್ ಲೆಸಿಯೇಲಿ ದೋಣಿಯಲ್ಲಿ ಆಚೆ ದ್ವೀಪಕ್ಕೆ ಹೋಗಿರ್ತಾರೆ."

ಗುರುವಾರ ಅವನು ಬಂದ. ಆಚೆ ದ್ವೀಪಕ್ಕೆ ಹೋಗಿರಬೇಕಾದವಳು ಆಸ್ಪತ್ರೆಯ ಅಡುಗೆಮನೆಯ ಹಿಂದೆ, ಹಲಸಿನ ಜಾತಿಯ ದೊಡ್ಡ ಮರದಡಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಡಾಕ್ಟರು ಬಂದು, "ಬೆರಳು ಒಂದೆರಡು ಹೋಗಬಹುದು, ಪಾದ ಉಳಿಯುತ್ತೆ," ಎಂದಾಗ ಎದ್ದು ಸೊಂಟಪಟ್ಟಿ ಸರಿಮಾಡಿಕೊಂಡು, "ಬಟ್ಟೆ ಬಿಗಿಯಾಗಿ ಕಟ್ಟಿಲ್ಲ ತಾನೇ ನೀವು?" ಎಂದು ಅವರನ್ನೇ ದಬಾಯಿಸಿದಳು. ಆಮೇಲೆ ಮುಖ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ.

ಹೋದ ತಿಂಗಳು ಅವಳ ಎದೆಬಡಿತ ಇದ್ದಕ್ಕಿದ್ದಂತೆ ನಿಂತುಹೋಯಿತು. ಔಷಧದ ಕಪಾಟಿನ ಮುಂದೆ ನಿಂತವಳು ಹಾಗೇ ಕುಸಿದಳಂತೆ. ನಮ್ಮಲ್ಲಿ ಅಣ್ಣನಿಗಿಂತ ತಂಗಿಯೇ ಮೇಲು, ಹಾಗಾಗಿ ಅವಳ ಸಾವಿನಲ್ಲಿ ಅಣ್ಣನದು ಕೆಳಗಿನ ಸ್ಥಾನ. ಅವನು ಶವದ ಹತ್ತಿರ ಬರುವಂತಿಲ್ಲ, ಹಿಂದೆ ನಿಂತು ಸಾವಿನ ಊಟ ಬೇಯಿಸಬೇಕು. ಪೆನಿಸಿಮಾನಿ ಶೋಕದ ಗುರುತಾಗಿ ಹರಿದ ದೊಡ್ಡ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಹಿತ್ತಲ ನೆಲದೊಲೆಯ ಮುಂದೆ ಬಿಸಿ ಕಲ್ಲು ಸರಿಸುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಹೊಗೆಗೆ ಇಬ್ಬರ ಕಣ್ಣೂ ಕೆಂಪಾಗಿತ್ತು.

"ಗುರುವಾರ ಇಲ್ಲಿಂದ ಯಾವ ದೋಣಿನೂ ಹೊರಡಲ್ಲ ಮೇಷ್ಟ್ರೇ," ಎಂದ ಅವನು, ತಲೆಯೆತ್ತದೆ. "ದಿನಾ ಓದೋರು ನೀವೇ ಅಲ್ವಾ?"

ನಾನೂ ಒಂದು ಕೋಲು ಎತ್ತಿಕೊಂಡು ಅವನ ಜೊತೆ ಕಲ್ಲು ಸರಿಸತೊಡಗಿದೆ.

"ಅವತ್ತು ಅವಳು ಇಲ್ಲೇ ಎಲ್ಲೋ ಕೂತಿದಾಳೆ ಅಂತ ಗೊತ್ತಾಯ್ತು. ನಾನು ಹೋಗದೆ ಇದ್ರೆ ಅವಳು ಹಾಗೇ ಕೂತಿರ್ತಾಳಲ್ಲ ಅಂತ ಎದ್ದು ಹೋದೆ."

ರೋಗಿಗಳಿಗೆ ತಿಳಿಹೇಳುವವರಲ್ಲಿ ಕೆಲವರಿಗೆ ತಾವು ಹೇಳಿದ್ದು ಸರಿಯಾಗಿದ್ದರೆ ಸಾಕು. ಕೇಳದವನ ಪಾಡು ಅವನದು. ಇನ್ನು ಕೆಲವರು ಕೇಳುವವನ ಮಾನಕ್ಕೆ ಎಲ್ಲಿ ಪೆಟ್ಟಾಗದೋ ಆ ದಾರಿ ಸಿಗುವ ತನಕ ಹುಡುಕುತ್ತಾರೆ, ಅದಕ್ಕಾಗಿ ತಮ್ಮ ಮಾತನ್ನು ಇನ್ನೊಬ್ಬರ ಬಾಯಿಗೆ ಕೊಟ್ಟು ಕಣ್ಮರೆಯಾಗಿ ಕೂರುತ್ತಾರೆ, ಯಾರಿಗೂ ಗೊತ್ತಾಗಲಿಲ್ಲವೆಂದು ನಂಬಿಯೇ ಹೋಗಿಬಿಡುತ್ತಾರೆ. ವಾಸಿಯಾದವರಿಗೆ ಮಾತ್ರ ಎಲ್ಲವೂ ಗೊತ್ತಿರುತ್ತದೆ. ಅವರು ಅದನ್ನು ಆಕೆಗೆ ಎಂದೂ ಬಾಯಿಬಿಟ್ಟು ಹೇಳದೆ, ಉಳಿಸಿಕೊಂಡ ಕಾಲಿನ ಮೇಲೆ ನಿಂತು, ಆಕೆಯ ಕೊನೆಯ ಊಟ ಬೇಯಿಸುತ್ತಾರೆ.