ಡ್ರೈವರನ ಹೆಬ್ಬೆರಳು

ಮೂರನೇ ಮಹಡಿಗೆ ನಿಂತು ಗಾರೆ ಬಳಿಯಲು ಕಟ್ಟಿದ್ದ ಸಾರುವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಗಾರೆ ಮೇಸ್ತ್ರಿಗೆ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಎಂಟು ತಿಂಗಳಿಂದ ಅವನು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಬರುತ್ತಿದ್ದ. ಅಲ್ಲಿ ರೋಬೋಟ್ ಯಂತ್ರವೊಂದು ಅವನನ್ನು ನಡೆಸುತ್ತಿತ್ತು. ಎದೆಗೆ ಪಟ್ಟಿ ಬಿಗಿದು ಮೇಲಿನಿಂದ ತೂಗುಹಾಕಿ, ಅವನ ಕಾಲಿಗೆ ಲೋಹದ ಕಾಲು ಕಟ್ಟಿದರೆ, ಯಂತ್ರವೇ ಹೆಜ್ಜೆ ಎತ್ತಿ ಇಡುತ್ತಿತ್ತು. ಎದುರಿನ ಪರದೆಯಲ್ಲಿ ಎರಡು ಗೆರೆ: ನೀಲಿಯದು ಮೋಟಾರಿನ ಬಲ, ಹಸಿರಿನದು ರೋಗಿಯ ಸ್ವಂತ ಬಲ. ಮೇಸ್ತ್ರಿಯ ಹಸಿರು ಒಮ್ಮೆಯೂ ತಳ ಬಿಟ್ಟು ಎದ್ದಿರಲಿಲ್ಲ.

ಆರು ವಾರದ ಹಿಂದಷ್ಟೇ ಸೇರಿದ ಬಸ್ ಡ್ರೈವರನ ಹಸಿರು ಗೆರೆ ಏಳತೊಡಗಿತು. ಒಂದು ದಿನ ಯಂತ್ರದಿಂದ ಇಳಿಸುವಾಗ ಅವನ ಕಾಲಿನ ಹೆಬ್ಬೆರಳೂ ಅಲುಗಿತು.

"ಅಣ್ಣಾ, ನೋಡಿದ್ರಾ?" ಎಂದು ಕಣ್ಣು ತುಂಬಿಕೊಂಡು ಮೇಸ್ತ್ರಿಯನ್ನೇ ಕೇಳಿದ.

"ಒಳ್ಳೇದಾಯ್ತಪ್ಪ," ಎಂದ ಮೇಸ್ತ್ರಿ. ಮನೆಗೆ ಬಂದವನು ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, "ಆರೇ ವಾರಕ್ಕೆ ಅವನ ಬೆರಳು ಆಡ್ತು," ಎಂದ.

"ಅವರ ಹುರಿ ಪೂರ್ತಿ ಕಡಿದಿಲ್ಲ ಅಂತ ಥೆರಪಿ ಮೇಡಂ ಹೇಳಿದ್ರಲ್ಲ," ಎಂದಳು ಹೆಂಡತಿ. "ಅವರ ಪೆಟ್ಟೇ ಬೇರೆ."

"ಪೆಟ್ಟಲ್ಲೂ ಅವನಿಗೇ ಅದೃಷ್ಟ."

ಮುಂದಿನ ಸರದಿಗೆ ಕಾಯುತ್ತಿದ್ದಾಗ ಮೇಸ್ತ್ರಿ ತನ್ನ ಗಾಲಿಕುರ್ಚಿಯನ್ನು ಡ್ರೈವರನ ಪಕ್ಕಕ್ಕೆ ತಳ್ಳಿಕೊಂಡು ಹೋದ. "ಆ ಹಸಿರು ಗೆರೆ ನಂಬಬೇಡ ತಮ್ಮಾ. ಮೊದಮೊದಲು ನನ್ನದೂ ಏರಿತ್ತು, ಬೆರಳೂ ಆಡಿತ್ತು. ಆಮೇಲೆ ಎಲ್ಲ ನಿಂತುಹೋಯ್ತು."

ಡ್ರೈವರನ ಮುಖ ಬಾಡಿತು. ಮರುವಾರ ಅವನು ಬರಲಿಲ್ಲ, ಅದರ ಮರುವಾರವೂ ಇಲ್ಲ. ಯಂತ್ರದಲ್ಲಿ ಅವನಿಗಿದ್ದ ಅರ್ಧ ಗಂಟೆಯೂ ಮೇಸ್ತ್ರಿಗೇ ಸಿಕ್ಕಿತು. ಅರ್ಧ ಗಂಟೆಗೆ ಬದಲು ಒಂದು ಗಂಟೆ ನಡೆದರೂ ಹಸಿರು ಗೆರೆ ಮಿಸುಕಲಿಲ್ಲ. ಆದರೂ ಡ್ರೈವರ್ ಕೂರುತ್ತಿದ್ದ ಮೂಲೆ ಖಾಲಿ ಕಂಡಾಗಲೆಲ್ಲ ಮೇಸ್ತ್ರಿಯ ಹೊಟ್ಟೆ ತಣ್ಣಗಾಗುತ್ತಿತ್ತು.

ಮೂರನೇ ವಾರ ಡ್ರೈವರನ ಅಕ್ಕ ಮೇಸ್ತ್ರಿಯನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದಳು. ಮೇಸ್ತ್ರಿಯ ಹೆಂಡತಿಯೂ ಅಲ್ಲೇ ಇದ್ದಳು.

"ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದಾನೆ. ಮೇಸ್ತ್ರಿ ಅಣ್ಣನ ಬೆರಳೇ ಆಡಿ ನಿಂತುಹೋಯ್ತಂತೆ, ಇನ್ನು ನಂದೆಲ್ಲಿ ಅಂತಾನೆ. ನಿಮ್ಮ ಮಾತಂದ್ರೆ ಅವನಿಗೆ ವೇದವಾಕ್ಯ. ನೀವೇ ಸ್ವಲ್ಪ ಬುದ್ಧಿ ಹೇಳಿ."

ಹೆಂಡತಿ ಗಂಡನ ಕಡೆ ತಿರುಗಿದಳು. "ನಿಮ್ಮ ಬೆರಳು ಯಾವಾಗ ಆಡ್ತು?"

ಮೇಸ್ತ್ರಿ ಅಕ್ಕನ ಫೋನಿಗೆ ಕೈ ಚಾಚಿದ. ಅವಳು ತಮ್ಮನಿಗೆ ಕರೆ ಮಾಡಿ ಕೊಟ್ಟಳು. ಡ್ರೈವರ್ 'ಹಲೋ' ಎಂದ ಕೂಡಲೇ ಮೇಸ್ತ್ರಿ ಹೇಳಿಬಿಟ್ಟ. "ನಾನು ಹೇಳಿದ್ದು ಸುಳ್ಳು. ನನ್ನ ಬೆರಳು ಯಾವತ್ತೂ ಆಡಿಲ್ಲ. ನಿಂದು ಆಡಿದ್ದು ನನಗೆ ತಡಕೊಳ್ಳಕ್ಕಾಗಲಿಲ್ಲ."

ಡ್ರೈವರ್ ಕರೆ ಕಡಿದುಬಿಟ್ಟ. ಅಕ್ಕ ಫೋನು ಕಿತ್ತುಕೊಂಡು ಹೊರಟುಹೋದಳು.

ಸೋಮವಾರ ಡ್ರೈವರ್ ಬಂದ. ಮೇಸ್ತ್ರಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾಲ್ಕು ತಿಂಗಳಲ್ಲಿ ಅವನು ಯಂತ್ರ ಬಿಟ್ಟು, ಎರಡು ಕೋಲೂರಿ ಆ ಕೋಣೆಯ ಉದ್ದಕ್ಕೂ ನಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ತಡವಾಗಿಯಾದರೂ ಮೇಸ್ತ್ರಿಯೂ ತಟ್ಟಿದ.

"ಈಗಲೂ ಹೊಟ್ಟೆ ಉರಿಯುತ್ತಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ಉರಿಯುತ್ತೆ," ಎಂದ ಮೇಸ್ತ್ರಿ. "ಆದ್ರೆ ಅವನು ಬರದೇ ಇದ್ದಾಗ ನನಗೆ ಆಗ್ತಿತ್ತಲ್ಲ ಖುಷಿ, ಅದು ಇದಕ್ಕಿಂತ ಹೊಲಸು."